ಶ್ವಾಸನಾಳದ ನರಗಳು, ಅವುಗಳ ಗ್ರಾಹಕಗಳು ಮತ್ತು ಎರಡು ಬಗೆಯ ಇನ್ಹೇಲರ್‌ಗಳು

ಜೀವಶಾಸ್ತ್ರ ಶಿಕ್ಷಕ

ಸ್ವಾಯತ್ತ ನರವ್ಯೂಹದ ಪಾಠ ಮಾಡುವಾಗ ನಾವು ಶಿಕ್ಷಕರೆಲ್ಲ ಕಪ್ಪುಹಲಗೆಯ ಮೇಲೆ ಒಂದು ಪಟ್ಟಿ ಬರೆಯುತ್ತೇವೆ. ಪ್ಯಾರಾಸಿಂಪಥೆಟಿಕ್ ನರಗಳು ಶ್ವಾಸನಾಳವನ್ನು ಕಿರಿದು ಮಾಡುತ್ತವೆ, ಸಿಂಪಥೆಟಿಕ್ ನರಗಳು ಅದನ್ನು ಅಗಲ ಮಾಡುತ್ತವೆ, ಎರಡೂ ಸಮತೋಲದಲ್ಲಿದ್ದರೆ ಉಸಿರಾಟ ಸರಾಗ ಎಂದು ಹೇಳಿ ಮುಂದಿನ ಅಂಗಕ್ಕೆ ಹೋಗುತ್ತೇವೆ. ವಿದ್ಯಾರ್ಥಿನಿಯೊಬ್ಬಳು ಈ ಪಟ್ಟಿಯನ್ನು ನೋಡಿ, ಉದ್ದೇಶ ಒಂದೇ ಸ್ನಾಯುವನ್ನು ಸಡಿಲಿಸುವುದಾದರೆ ತನ್ನ ಅಜ್ಜನಿಗೆ ವೈದ್ಯರು ಎರಡು ಬೇರೆ ಬೇರೆ ಔಷಧಗಳ ಇನ್ಹೇಲರ್ ಏಕೆ ಬರೆದುಕೊಟ್ಟಿದ್ದಾರೆ ಎಂದು ಕೇಳಿದಳು. ಪ್ರಶ್ನೆ ಚಿಕ್ಕದು. ಆದರೆ ಪಟ್ಟಿಯಲ್ಲಿರುವುದಷ್ಟನ್ನೇ ನಂಬಿಕೊಂಡು ಇದಕ್ಕೆ ಸರಿಯಾದ ಉತ್ತರ ಕೊಡಲಾಗದು.

ನನಗೆ ಸ್ಪಷ್ಟವಾಗಬೇಕಾದ ವಿಷಯಗಳು ಇವು. ಮನುಷ್ಯರ ಶ್ವಾಸನಾಳದ ಸ್ನಾಯುವಿಗೆ ಸಿಂಪಥೆಟಿಕ್ ನರಗಳು ಹೆಚ್ಚುಕಡಿಮೆ ತಲುಪುವುದೇ ಇಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಅಲ್ಲಿ ಅಷ್ಟೊಂದು ಬೀಟಾ-2 ಗ್ರಾಹಕಗಳು (ಕೋಶದ ಮೇಲೆ ರಾಸಾಯನಿಕ ಸಂಕೇತವನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು) ಏಕಿವೆ? ಅಸಿಟೈಲ್‌ಕೋಲಿನ್ ಎಂಬ ಒಂದೇ ರಾಸಾಯನಿಕ ಎಂ-2 ಮತ್ತು ಎಂ-3 ಎಂಬ ಎರಡು ಗ್ರಾಹಕಗಳ ಮೂಲಕ ಬೇರೆ ಬೇರೆ ಕೆಲಸ ಮಾಡುವುದು ಹೇಗೆ? ಶ್ವಾಸಕೋಶದಿಂದ ಮೆದುಳಿಗೆ ಹೋಗುವ ನರಗಳ ಬಗ್ಗೆ ನಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲವಲ್ಲ, ಅವುಗಳ ಪಾತ್ರವೇನು? ತಿಳಿದವರು ವಿವರವಾಗಿ ಬರೆದರೆ ತರಗತಿಗೆ ತೆಗೆದುಕೊಂಡು ಹೋಗುತ್ತೇನೆ.

ಔಷಧಶಾಸ್ತ್ರ ಉಪನ್ಯಾಸಕಿ

ಸರ್, ನಿಮ್ಮ ವಿದ್ಯಾರ್ಥಿನಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಎರಡು ನರಗಳು ಎರಡು ಕಡೆಗೆ ಎಳೆಯುವ ಚಿತ್ರ ಹೃದಯದ ಮಟ್ಟಿಗೆ ಬಹುತೇಕ ಒಪ್ಪುತ್ತದೆ, ಶ್ವಾಸನಾಳದ ಮಟ್ಟಿಗೆ ಒಪ್ಪುವುದಿಲ್ಲ. ಇಲ್ಲಿ ನರದ ಆಳ್ವಿಕೆ ಬಹುಮಟ್ಟಿಗೆ ಒಂದೇ ಕಡೆಯದು, ಅದು ವೇಗಸ್ ನರದ್ದು. ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್‌ನ ಎಳೆಗಳು ಶ್ವಾಸನಾಳದ ಗೋಡೆಯಲ್ಲೇ ಇರುವ ಸಣ್ಣ ಸಣ್ಣ ನರಗಂಟುಗಳಲ್ಲಿ ಕೊನೆಗೊಳ್ಳುತ್ತವೆ. ಅಲ್ಲಿಂದ ಹೊರಡುವ ಗಿಡ್ಡ ಎಳೆಗಳು ಸ್ನಾಯುವಿನ ಮತ್ತು ಲೋಳೆ ಗ್ರಂಥಿಗಳ ಬಳಿ ಅಸಿಟೈಲ್‌ಕೋಲಿನ್ ಅನ್ನು ಬಿಡುಗಡೆ ಮಾಡುತ್ತವೆ. ಈ ಬಿಡುಗಡೆ ನಾವು ಆರಾಮವಾಗಿ ಕುಳಿತಿರುವಾಗಲೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ, ಆದ್ದರಿಂದ ಆರೋಗ್ಯವಂತರ ಶ್ವಾಸನಾಳವೂ ಸದಾ ತುಸು ಬಿಗಿದುಕೊಂಡೇ ಇರುತ್ತದೆ.

ಸ್ನಾಯುಕೋಶದ ಮೇಲೆ ಈ ಸಂಕೇತವನ್ನು ಹಿಡಿದುಕೊಳ್ಳುವುದು ಎಂ-3 ಗ್ರಾಹಕ. ಅಸಿಟೈಲ್‌ಕೋಲಿನ್ ಅದಕ್ಕೆ ಅಂಟಿಕೊಂಡಾಗ ಕೋಶದ ಒಳಗೆ ಜಿಕ್ಯೂ ಎಂಬ ಪ್ರೋಟೀನ್ ಚುರುಕಾಗುತ್ತದೆ, ಅದರಿಂದ ಫಾಸ್ಫೊಲೈಪೇಸ್-ಸಿ ಎಂಬ ಕಿಣ್ವ ಎಚ್ಚೆತ್ತು ಐಪಿ3 ಎಂಬ ಸಣ್ಣ ಅಣುವನ್ನು ಕತ್ತರಿಸಿ ಕೊಡುತ್ತದೆ, ಐಪಿ3 ಕೋಶದ ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ, ಕ್ಯಾಲ್ಸಿಯಂ ಏರಿದಾಗ ಸ್ನಾಯು ಸಂಕುಚಿಸುತ್ತದೆ. ಗ್ರಂಥಿಗಳ ಮೇಲಿರುವುದೂ ಮುಖ್ಯವಾಗಿ ಎಂ-3 ಗ್ರಾಹಕವೇ. ಹೀಗಾಗಿ ವೇಗಸ್ ಹೆಚ್ಚು ಚುರುಕಾದಾಗ ದಾರಿ ಕಿರಿದಾಗುವುದು ಮತ್ತು ಆ ಕಿರಿದಾದ ದಾರಿಯಲ್ಲಿ ಕಫ ತುಂಬುವುದು ಒಟ್ಟಿಗೇ ನಡೆಯುತ್ತವೆ. ಕೊಳವೆಯಲ್ಲಿ ಗಾಳಿ ಸುಳಿಗಳಿಲ್ಲದೆ ಸರಾಗವಾಗಿ ಹರಿಯುತ್ತಿದೆ ಎಂದುಕೊಂಡರೆ, ಅದರ ತ್ರಿಜ್ಯ ಅರ್ಧಕ್ಕೆ ಇಳಿದಾಗ ಹರಿವಿಗೆ ಒಡ್ಡುವ ಪ್ರತಿರೋಧ 16 ಪಟ್ಟು ಏರುತ್ತದೆ. ಆದ್ದರಿಂದ ಸ್ನಾಯುವಿನ ಸಣ್ಣ ಬಿಗಿತವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಇನ್ನು ಬೀಟಾ-2 ಗ್ರಾಹಕದ ವಿಷಯ. ಅದಕ್ಕೆ ಸಂಕೇತ ತರುವುದು ನರವಲ್ಲ, ರಕ್ತ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತಿರುಳು ಸ್ರವಿಸುವ ಅಡ್ರಿನಲಿನ್ ರಕ್ತದಲ್ಲಿ ಹರಿದು ಬಂದು ಸ್ನಾಯುವಿನ ಬೀಟಾ-2 ಗ್ರಾಹಕಗಳನ್ನು ತಲುಪುತ್ತದೆ. ಸಿಂಪಥೆಟಿಕ್ ನರಗಳು ಶ್ವಾಸನಾಳದ ರಕ್ತನಾಳಗಳಿಗೆ ಮತ್ತು ಗ್ರಂಥಿಗಳ ಬಳಿಗೆ ಬರುತ್ತವೆಯಾದರೂ ಮನುಷ್ಯರಲ್ಲಿ ಸ್ನಾಯುವನ್ನು ನೇರವಾಗಿ ಸಡಿಲಿಸುವ ಕೆಲಸ ಅವುಗಳದ್ದಲ್ಲ. ಸ್ನಾಯುವನ್ನು ಸಡಿಲಿಸುವ ನರಮಾರ್ಗ ಒಂದಿದೆ. ಆದರೆ ಅದು ಬಳಸುವುದು ಅಡ್ರಿನಲಿನ್ ಅನ್ನೂ ಅಲ್ಲ, ಅಸಿಟೈಲ್‌ಕೋಲಿನ್ ಅನ್ನೂ ಅಲ್ಲ, ನೈಟ್ರಿಕ್ ಆಕ್ಸೈಡ್ ಮತ್ತು ವಿಐಪಿ ಎಂಬ ಪೆಪ್ಟೈಡನ್ನು. ಪಠ್ಯಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಸಿಕ್ಕಿಲ್ಲ ಎಂಬುದು ನನ್ನ ಬಹುಕಾಲದ ಬೇಸರ.

ಎರಡು ಇನ್ಹೇಲರ್‌ಗಳ ಪ್ರಶ್ನೆಗೆ ಈಗ ಉತ್ತರಿಸಬಹುದು. ಸಾಲ್ಬ್ಯುಟಮಾಲ್‌ನಂಥ ಔಷಧ ಬೀಟಾ-2 ಗ್ರಾಹಕವನ್ನು ಚುರುಕುಗೊಳಿಸಿ, ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸಿ, ಬಿಗಿತಕ್ಕೆ ಕಾರಣ ಯಾವುದೇ ಇರಲಿ, ಸ್ನಾಯುವನ್ನು ಸಡಿಲಿಸುತ್ತದೆ. ಇಪ್ರಟ್ರೋಪಿಯಂ ಅಥವಾ ಟಯೋಟ್ರೋಪಿಯಂ ತಾನಾಗಿ ಏನನ್ನೂ ಸಡಿಲಿಸುವುದಿಲ್ಲ. ವೇಗಸ್ ಕಳುಹಿಸಿದ ಸಂಕೇತ ಗ್ರಾಹಕವನ್ನು ತಲುಪದಂತೆ ಅಡ್ಡ ನಿಲ್ಲುತ್ತದೆ, ಅಷ್ಟೆ. ಧೂಮಪಾನದಿಂದಲೋ ಹೊಗೆಯಿಂದಲೋ ಬಂದ ಸಿಓಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಗೋಡೆಗೆ ಆದ ಹಾನಿ ಹಿಂದಿರುಗುವುದಿಲ್ಲ, ಕಡಿಮೆ ಮಾಡಬಹುದಾದ ಭಾಗವೆಂದರೆ ಮುಖ್ಯವಾಗಿ ಈ ವೇಗಸ್ ಬಿಗಿತವೇ. ಅಜ್ಜನವರಿಗೆ ಎರಡನೆಯ ಔಷಧ ಬಂದಿರುವುದು ಬಹುಶಃ ಇದೇ ಕಾರಣಕ್ಕೆ.

ಆಸ್ತಮಾ ಇರುವ ಮಗುವಿನ ತಾಯಿ

ಮೇಡಂ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಮಗನಿಗೆ ಹಗಲಿಡೀ ಓಡಾಡಿದರೂ ಏನೂ ಆಗುವುದಿಲ್ಲ, ಬೆಳಗಿನ ಜಾವ ಮಾತ್ರ ಉಬ್ಬಸ ಕಾಣಿಸಿಕೊಳ್ಳುತ್ತದೆ. ಮಲಗಿದ್ದವನು ಎದ್ದು ಕುಳಿತು, ಮುಂದಕ್ಕೆ ಬಾಗಿ, ಕೈಗಳನ್ನು ಹಾಸಿಗೆಗೆ ಊರಿಕೊಂಡು ಉಸಿರೆಳೆಯುತ್ತಾನೆ. ಇದಕ್ಕೂ ಈ ಗ್ರಾಹಕಗಳಿಗೂ ಸಂಬಂಧವಿದೆಯೇ?

ಶ್ವಾಸರೋಗ ವೈದ್ಯ

ಸಂಬಂಧವಿದೆ, ಅಮ್ಮ. ರಾತ್ರಿಯ ನಿದ್ದೆಯಲ್ಲಿ ವೇಗಸ್ ನರದ ಚಟುವಟಿಕೆ ಏರುತ್ತದೆ, ರಕ್ತದಲ್ಲಿನ ಅಡ್ರಿನಲಿನ್ ಇಳಿಯುತ್ತದೆ, ದೇಹವೇ ತಯಾರಿಸುವ ಕಾರ್ಟಿಸಾಲ್ ಕೂಡ ನಡುರಾತ್ರಿಯ ಹೊತ್ತಿಗೆ ಬಹಳ ಕಡಿಮೆ ಇರುತ್ತದೆ. ಅಂದರೆ ಎಂ-3 ಗ್ರಾಹಕಕ್ಕೆ ಬರುವ ಸಂಕೇತ ಹೆಚ್ಚುವ ಹೊತ್ತಿನಲ್ಲೇ ಬೀಟಾ-2 ಗ್ರಾಹಕಕ್ಕೆ ಬರುವ ಸಂಕೇತ ತಗ್ಗುತ್ತದೆ. ಆರೋಗ್ಯವಂತರಲ್ಲೂ ಶ್ವಾಸನಾಳ ಬೆಳಗಿನ ಜಾವ ಸುಮಾರು 4 ಗಂಟೆಯ ಹೊತ್ತಿಗೆ ಅತ್ಯಂತ ಕಿರಿದಾಗಿರುತ್ತದೆ. ಅವರಿಗೆ ಅದು ಗೊತ್ತಾಗುವುದಿಲ್ಲ, ಊದಿಕೊಂಡ ಗೋಡೆಯಿರುವ ಆಸ್ತಮಾದವರಿಗೆ ಗೊತ್ತಾಗುತ್ತದೆ. ಹಾಸಿಗೆಯ ಧೂಳುಹುಳ, ಹೊಟ್ಟೆಯಿಂದ ಮೇಲಕ್ಕೆ ಬರುವ ಆಮ್ಲ ಮುಂತಾದ ಕಾರಣಗಳೂ ಇದರ ಜೊತೆ ಸೇರಬಹುದು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ರಾತ್ರಿ ಎಚ್ಚರವಾಗುವ ಆಸ್ತಮಾ ಎಂದರೆ ಹತೋಟಿಯಲ್ಲಿಲ್ಲದ ಆಸ್ತಮಾ. ಈ ಮಾಹಿತಿಯನ್ನು ಮಗನ ವೈದ್ಯರಿಗೆ ತಪ್ಪದೆ ತಿಳಿಸಿ, ಮುಂದಿನ ಭೇಟಿಯವರೆಗೆ ಕಾಯಬೇಡಿ.

ಔಷಧಶಾಸ್ತ್ರ ಉಪನ್ಯಾಸಕಿ

ಎಂ-2 ಗ್ರಾಹಕದ ಬಗ್ಗೆ ಬರೆಯುವುದು ಬಾಕಿ ಇತ್ತು. ಇಡೀ ವಿಷಯದ ಹೃದಯ ಇರುವುದು ಇಲ್ಲಿ ಎಂದು ನಾನು ತಿಳಿದಿದ್ದೇನೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ನರದ ತುದಿಯ ಮೇಲೆಯೇ ಎಂ-2 ಗ್ರಾಹಕಗಳಿವೆ. ನರ ಬಿಡುಗಡೆ ಮಾಡಿದ ಅಸಿಟೈಲ್‌ಕೋಲಿನ್‌ನ ಒಂದು ಪಾಲು ಸ್ನಾಯುವಿನ ಎಂ-3 ಗ್ರಾಹಕಕ್ಕೆ ಹೋದರೆ, ಇನ್ನೊಂದು ಪಾಲು ಹಿಂದಿರುಗಿ ಅದೇ ನರದ ತುದಿಯ ಎಂ-2 ಗ್ರಾಹಕಕ್ಕೆ ತಾಗುತ್ತದೆ, ತಾಗಿದಾಗ ಮುಂದಿನ ಬಿಡುಗಡೆ ಕಡಿಮೆಯಾಗುತ್ತದೆ. ನೀರಿನ ತೊಟ್ಟಿ ತುಂಬುತ್ತಿದ್ದಂತೆ ತೇಲುವ ಚೆಂಡು ಮೇಲೇರಿ ನಲ್ಲಿಯನ್ನು ತಾನೇ ಮುಚ್ಚುವ ಏರ್ಪಾಡು ಇರುತ್ತದಲ್ಲ, ಎಂ-2 ಮಾಡುವ ಕೆಲಸ ಅಂಥದ್ದು. ಅದು ಕೆಟ್ಟರೆ ವೇಗಸ್‌ಗೆ ಮೆದುಳಿನಿಂದ ಬರುವ ಆಜ್ಞೆ ಮೊದಲಿನಷ್ಟೇ ಇದ್ದರೂ ಪ್ರತಿ ಆಜ್ಞೆಗೂ ಹೊರಬರುವ ಅಸಿಟೈಲ್‌ಕೋಲಿನ್ ಹೆಚ್ಚಾಗುತ್ತದೆ.

ಅದು ಕೆಡುವುದು ಯಾವಾಗ? ಅಲರ್ಜಿಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳದ ನರಗಳ ಸುತ್ತ ಬಂದು ಸೇರುತ್ತವೆ. ಅವು ಹೊರಹಾಕುವ ಮೇಜರ್ ಬೇಸಿಕ್ ಪ್ರೋಟೀನ್ ಎಂ-2 ಗ್ರಾಹಕಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಉಸಿರಾಟದ ವೈರಸ್ ಸೋಂಕಿನಲ್ಲೂ ಓಝೋನ್ ಸೇವನೆಯಲ್ಲೂ ಎಂ-2ರ ಕೆಲಸ ಕುಂದುವುದನ್ನು ಪ್ರಾಣಿಗಳಲ್ಲಿ ನೋಡಲಾಗಿದೆ. ಸಾಧಾರಣ ನೆಗಡಿಯೊಂದು ಆಸ್ತಮಾ ಇರುವವರ ಎದೆಯನ್ನು ವಾರಗಟ್ಟಲೆ ಬಿಗಿಯುವುದೇಕೆ ಎಂಬುದಕ್ಕೆ ಇದು ಒಂದು ಗಟ್ಟಿಯಾದ ವಿವರಣೆ.

ಔಷಧಗಳ ವಿನ್ಯಾಸಕ್ಕೂ ಇದರಿಂದ ಪಾಠವಿದೆ. ಇಪ್ರಟ್ರೋಪಿಯಂ ಎಂ-2 ಮತ್ತು ಎಂ-3 ಎಂಬ ಭೇದ ಮಾಡದೆ ಎರಡನ್ನೂ ತಡೆಯುತ್ತದೆ, ಅಂದರೆ ಸ್ನಾಯುವನ್ನು ರಕ್ಷಿಸುತ್ತಲೇ ನರದ ಸ್ವಯಂನಿಯಂತ್ರಣವನ್ನೂ ತೆಗೆದುಹಾಕುತ್ತದೆ. ಅದರ ಪರಿಣಾಮ ಇರುವುದು 4ರಿಂದ 6 ಗಂಟೆ. ಯುರೋಪಿನಲ್ಲಿ 2002ರಲ್ಲಿ ಬಳಕೆಗೆ ಬಂದ ಟಯೋಟ್ರೋಪಿಯಂ ಎರಡಕ್ಕೂ ಅಂಟಿಕೊಳ್ಳುತ್ತದೆಯಾದರೂ ಎಂ-2ರಿಂದ ಬೇಗ ಕಳಚಿಕೊಂಡು ಎಂ-3ರ ಮೇಲೆ ಬಹಳ ಹೊತ್ತು ಕೂರುತ್ತದೆ. ಹಾಗಾಗಿಯೇ ದಿನಕ್ಕೆ ಒಂದು ಸಲ ತೆಗೆದುಕೊಂಡರೆ ಸಾಕಾಗುತ್ತದೆ.

ಸಂಶೋಧನಾ ವಿದ್ಯಾರ್ಥಿ

ಮೇಡಂ, ಎಂ-2ರ ಕಥೆಯನ್ನು ನಾನೂ ಒಪ್ಪುತ್ತೇನೆ, ಆದರೆ ಅದಕ್ಕೆ ಆಸ್ತಮಾದ ಹೃದಯಸ್ಥಾನ ಕೊಡುವುದಕ್ಕೆ ನನ್ನ ಆಕ್ಷೇಪವಿದೆ. ಮೇಜರ್ ಬೇಸಿಕ್ ಪ್ರೋಟೀನಿನ ಪುರಾವೆಯ ಬಹುಪಾಲು ಗಿನಿಯಿಲಿಗಳಿಂದ ಬಂದದ್ದು. ಎಲ್ಲ ಬಿಗಿತವೂ ನರದ ಸ್ವಯಂನಿಯಂತ್ರಣ ಕೆಟ್ಟದ್ದರಿಂದಲೇ ಬರುವುದಾಗಿದ್ದರೆ ಎಂ-3 ತಡೆಯುವ ಔಷಧವೊಂದೇ ಆಸ್ತಮಾವನ್ನು ಹತೋಟಿಗೆ ತರಬೇಕಿತ್ತು, ಆದರೆ ಅದು ತರುವುದಿಲ್ಲ. ಅಲರ್ಜಿಯಲ್ಲಿ ಕೋಶಗಳು ಹೊರಹಾಕುವ ಹಿಸ್ಟಮಿನ್ ಮತ್ತು ಲ್ಯೂಕೊಟ್ರೈನ್‌ಗಳು ನರದ ಹಂಗಿಲ್ಲದೆ ತಮ್ಮದೇ ಗ್ರಾಹಕಗಳ ಮೂಲಕ ಸ್ನಾಯುವನ್ನು ನೇರವಾಗಿ ಬಿಗಿಯುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಟಯೋಟ್ರೋಪಿಯಂಗೆ ಆಸ್ತಮಾದಲ್ಲಿ ಒಪ್ಪಿಗೆ ಕೊಟ್ಟಾಗಲೂ ಅದರ ಸ್ಥಾನ ಇತರ ಔಷಧಗಳ ಜೊತೆಗಿನ ಹೆಚ್ಚುವರಿ ಔಷಧದ್ದೇ ಆಗಿತ್ತು.

ಇನ್ನೊಂದು ತೊಡಕೂ ಇದೆ. ಸ್ನಾಯುಕೋಶದ ಮೇಲೆಯೂ ಎಂ-2 ಗ್ರಾಹಕಗಳಿವೆ, ಸಂಖ್ಯೆಯಲ್ಲಿ ಎಂ-3ಕ್ಕಿಂತ ಹೆಚ್ಚೇ ಇವೆ. ಅಲ್ಲಿ ಅವು ಸೈಕ್ಲಿಕ್ ಎಎಂಪಿಯ ತಯಾರಿಕೆಯನ್ನು ತಗ್ಗಿಸಿ ಬೀಟಾ-2ರ ಕೆಲಸಕ್ಕೆ ಅಡ್ಡಿಯಾಗುತ್ತವೆ. ಅಂದರೆ ಒಂದೇ ಗ್ರಾಹಕ ನರದ ತುದಿಯಲ್ಲಿದ್ದರೆ ಹಿತ, ಸ್ನಾಯುವಿನ ಮೇಲಿದ್ದರೆ ಅಹಿತ. ಗ್ರಾಹಕವನ್ನು ಹೆಸರಿನಿಂದ ಮಾತ್ರವಲ್ಲ, ಅದು ಕುಳಿತಿರುವ ಜಾಗದಿಂದಲೂ ಗುರುತಿಸಬೇಕು ಎಂದು ಶಿಕ್ಷಕರು ತರಗತಿಯಲ್ಲಿ ಹೇಳಿದರೆ ಒಳ್ಳೆಯದು.

ಔಷಧಶಾಸ್ತ್ರ ಉಪನ್ಯಾಸಕಿ

ಆಕ್ಷೇಪದ ಎರಡನೆಯ ಭಾಗ ಪೂರ್ತಿ ಸರಿ. ಮೊದಲನೆಯ ಭಾಗಕ್ಕೆ ಒಂದು ಮಾತು ಸೇರಿಸುತ್ತೇನೆ. ಮನುಷ್ಯರಲ್ಲಿ ಪುರಾವೆಯೇ ಇಲ್ಲವೆನ್ನುವಂತಿಲ್ಲ. ಸಲ್ಫರ್ ಡೈಆಕ್ಸೈಡ್ ಉಸಿರಾಡಿದಾಗ ವೇಗಸ್ ಮೂಲಕ ಉಂಟಾಗುವ ಬಿಗಿತವನ್ನು, ಎಂ-2 ಗ್ರಾಹಕವನ್ನು ಚುರುಕುಗೊಳಿಸುವ ಪಿಲೊಕಾರ್ಪಿನ್ ಆರೋಗ್ಯವಂತರಲ್ಲಿ ತಗ್ಗಿಸಿತು, ಆಸ್ತಮಾ ಇದ್ದವರಲ್ಲಿ ತಗ್ಗಿಸಲಿಲ್ಲ. 1989ರಲ್ಲಿ ಪ್ರಕಟವಾದ ಈ ಪ್ರಯೋಗದ ತರ್ಕ ಬಹಳ ಅಚ್ಚುಕಟ್ಟಾದದ್ದು, ಆಸಕ್ತಿಯಿರುವವರು ಹುಡುಕಿ ಓದಬೇಕು. ಆಸ್ತಮಾದ ಮೂಲ ಉರಿಯೂತವೇ, ಅದರಲ್ಲಿ ಅನುಮಾನವಿಲ್ಲ. ಉರಿಯೂತ ನರವನ್ನು ಬಳಸಿಕೊಳ್ಳುವ ಬಾಗಿಲುಗಳಲ್ಲಿ ಎಂ-2 ಒಂದು ದೊಡ್ಡ ಬಾಗಿಲು ಎಂಬುದು ನನ್ನ ನಿಲುವು.

ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ

ಎಂ-3 ಗ್ರಾಹಕದ ಶಕ್ತಿಯನ್ನು ಕಣ್ಣಾರೆ ಕಾಣಬೇಕಾದರೆ ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷಬಾಧೆಯ ರೋಗಿಯನ್ನು ನೋಡಬೇಕು. ಈ ವಿಷ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ನರ ಬಿಟ್ಟದ್ದು ಬಿಟ್ಟಲ್ಲೇ ಉಳಿದು ಗ್ರಾಹಕವನ್ನು ಮತ್ತೆ ಮತ್ತೆ ಬಡಿಯುತ್ತದೆ. ರೋಗಿಯ ಬಾಯಿಯಿಂದ ಜೊಲ್ಲು, ಮೂಗಿನಿಂದ ನೀರು, ಗಂಟಲಿನಿಂದ ನೊರೆ ಏಕಕಾಲಕ್ಕೆ ಹರಿಯುತ್ತಿರುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಸ್ಟೆತೊಸ್ಕೋಪ್ ಇಟ್ಟರೆ ಎದೆಯ ಎರಡೂ ಬದಿಯಲ್ಲಿ ಸಿಳ್ಳೆಯೂ ಗೊರಗೊರ ಶಬ್ದವೂ ಬೆರೆತು ಕೇಳಿಸುತ್ತವೆ. ಯಾವ ಹೊರಗಿನ ನೀರೂ ಒಳಗೆ ಹೋಗದೆ, ತನ್ನದೇ ಗ್ರಂಥಿಗಳ ಸ್ರಾವದಲ್ಲಿ ಶ್ವಾಸಕೋಶ ಮುಳುಗುತ್ತಿರುತ್ತದೆ.

ನಾವು ಕೊಡುವುದು ಅಟ್ರೋಪಿನ್, ಅದು ಎಂ-2, ಎಂ-3 ಸೇರಿದ ಮಸ್ಕರಿನಿಕ್ ಗುಂಪಿನ ಗ್ರಾಹಕಗಳನ್ನೆಲ್ಲ ತಡೆಯುತ್ತದೆ. ಸುಧಾರಣೆ ಕಾಣದಿದ್ದರೆ ಸುಮಾರು 5 ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿ ಮಾಡುತ್ತಾ ಹೋಗುತ್ತೇವೆ. ಪ್ರತಿ ಸಲವೂ ಶ್ವಾಸಕೋಶದ ಬುಡಕ್ಕೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತೇವೆ, ಕಂಕುಳಿಗೆ ಕೈ ಹಾಕಿ ಬೆವರು ಒಣಗಿದೆಯೇ ನೋಡುತ್ತೇವೆ. ಪಾಪೆ ಅಗಲವಾದ ಮಾತ್ರಕ್ಕೆ ನಿಲ್ಲಿಸುವಂತಿಲ್ಲ, ಎದೆಯ ಶಬ್ದ ತಿಳಿಯಾಗಬೇಕು. ಹೊಸದಾಗಿ ಬರುವ ವೈದ್ಯರು ನಾಡಿ ಏರಿತೆಂದು ಹೆದರಿ ಬೇಗ ಕೈ ಹಿಂತೆಗೆಯುವುದುಂಟು; ಆ ಹೆದರಿಕೆ ರೋಗಿಯ ಜೀವಕ್ಕೆ ಎರವಾಗಬಲ್ಲದು. ಒಂದು ಮಿತಿಯನ್ನೂ ನೆನಪಿಡಬೇಕು. ಉಸಿರಾಟದ ಸ್ನಾಯುಗಳನ್ನು ನಡೆಸುವುದು ಅಸಿಟೈಲ್‌ಕೋಲಿನ್‌ನ ಇನ್ನೊಂದು ಬಗೆಯ ಗ್ರಾಹಕವಾದ ನಿಕೋಟಿನಿಕ್ ಗ್ರಾಹಕ, ಅದರ ಮೇಲೆ ಅಟ್ರೋಪಿನ್‌ಗೆ ಹಿಡಿತವಿಲ್ಲ. ಎದೆ ತಿಳಿಯಾದ ಮೇಲೂ ಸ್ನಾಯುಗಳು ಸೋತು ಉಸಿರು ನಿಲ್ಲಬಹುದು, ಆದ್ದರಿಂದ ವೆಂಟಿಲೇಟರ್ ಕೈಗೆಟಕುವಲ್ಲೇ ಇರಬೇಕು.

ಗ್ಲಾಕೋಮಾ ರೋಗಿ

ನನಗೆ ಚಿಕ್ಕಂದಿನಿಂದ ಆಸ್ತಮಾ ಇದೆ. ಕಣ್ಣಿನ ಒತ್ತಡಕ್ಕೆಂದು ಟಿಮೊಲಾಲ್ ಹನಿ ಬರೆದುಕೊಟ್ಟಿದ್ದರು, ಔಷಧದ ಅಂಗಡಿಯವರು ಆಸ್ತಮಾ ಇದೆಯೇ ಎಂದು ಕೇಳಿ ತಡೆದರು. ಕಣ್ಣಿಗೆ ಹಾಕುವ ಒಂದು ಹನಿ ಎದೆಯನ್ನು ಹೇಗೆ ಮುಟ್ಟುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ.

ಶ್ವಾಸರೋಗ ವೈದ್ಯ

ಆ ಅಂಗಡಿಯವರು ನಿಮ್ಮನ್ನು ದೊಡ್ಡ ಅಪಾಯದಿಂದ ತಪ್ಪಿಸಿದ್ದಾರೆ. ಕಣ್ಣಿನ ಮೂಲೆಯ ಸಣ್ಣ ರಂಧ್ರದಿಂದ ಹನಿ ಮೂಗಿನೊಳಕ್ಕೆ ಇಳಿಯುತ್ತದೆ, ಮೂಗಿನ ಒಳಪದರ ಅದನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ನುಂಗಿದ ಮಾತ್ರೆಯಂತೆ ಅದು ಮೊದಲು ಯಕೃತ್ತನ್ನು ಹಾದು ದುರ್ಬಲವಾಗುವುದಿಲ್ಲ. ಟಿಮೊಲಾಲ್ ಬೀಟಾ-1 ಮತ್ತು ಬೀಟಾ-2 ಎರಡನ್ನೂ ತಡೆಯುವುದರಿಂದ ಆಸ್ತಮಾ ಇರುವವರಲ್ಲಿ ಪ್ರಾಣಾಂತಿಕ ಉಬ್ಬಸ ಉಂಟುಮಾಡಬಲ್ಲದು.

ಇದರಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬೀಟಾ ತಡೆಯುವ ಔಷಧ ಆರೋಗ್ಯವಂತರ ಶ್ವಾಸನಾಳವನ್ನು ಅಷ್ಟಾಗಿ ಬಿಗಿಯುವುದಿಲ್ಲ. ವೇಗಸ್ ತುದಿಗಳ ಮೇಲೂ ಬೀಟಾ-2 ಗ್ರಾಹಕಗಳಿವೆ. ಅಡ್ರಿನಲಿನ್ ಅವುಗಳ ಮೂಲಕ ಅಸಿಟೈಲ್‌ಕೋಲಿನ್ ಬಿಡುಗಡೆಯನ್ನು ಹಿಡಿದಿಡುತ್ತಿರುತ್ತದೆ. ಆ ಹಿಡಿತ ತಪ್ಪಿದರೂ ಆರೋಗ್ಯವಂತರನ್ನು ಎಂ-2 ಗ್ರಾಹಕ ಕಾಯುತ್ತದೆ. ಆಸ್ತಮಾದಲ್ಲಿ ಎಂ-2 ಮೊದಲೇ ಸೋತಿದ್ದರೆ ಎರಡು ಹಿಡಿತಗಳೂ ಇಲ್ಲದಂತಾಗುತ್ತವೆ. ಪರ್ಯಾಯ ಹನಿಗಳಿವೆ, ನೇತ್ರವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ; ಯಾವ ವೈದ್ಯರ ಬಳಿ ಹೋದರೂ, ಹೋದ ಕಾರಣ ಏನೇ ಇದ್ದರೂ, ಆಸ್ತಮಾ ಇದೆಯೆಂದು ಮೊದಲೇ ಹೇಳಿಬಿಡಿ.

ಆಸ್ತಮಾ ಇರುವ ಮಗುವಿನ ತಾಯಿ

ನಾವು ಮಗನ ವೈದ್ಯರನ್ನು ಕಂಡು ಬಂದೆವು, ಔಷಧ ಬದಲಾಗಿದೆ. ಒಂದು ಸಂಶಯ ಉಳಿದಿದೆ. ಸಾಲ್ಬ್ಯುಟಮಾಲ್ ಬೀಟಾ-2ರ ಮೂಲಕ ಅಷ್ಟು ಚೆನ್ನಾಗಿ ಕೆಲಸ ಮಾಡುವುದಾದರೆ ಅದೊಂದನ್ನೇ ಬೇಕಾದಾಗಲೆಲ್ಲ ಕೊಟ್ಟರೆ ಸಾಲದು ಎಂದು ಅವರು ಏಕೆ ಒತ್ತಿ ಹೇಳಿದರು?

ಔಷಧಶಾಸ್ತ್ರ ಉಪನ್ಯಾಸಕಿ

ಅದು ಬಿಗಿತವನ್ನು ಸಡಿಲಿಸುತ್ತದೆ, ಬಿಗಿತಕ್ಕೆ ಕಾರಣವಾದ ಉರಿಯೂತವನ್ನು ಮುಟ್ಟುವುದಿಲ್ಲ ಎಂಬುದು ಮೊದಲ ಕಾರಣ. ಎರಡನೆಯದು ಗ್ರಾಹಕಕ್ಕೇ ಸಂಬಂಧಿಸಿದ್ದು. ಬೀಟಾ-2 ಗ್ರಾಹಕವನ್ನು ಪದೇ ಪದೇ ಚುರುಕುಗೊಳಿಸಿದಾಗ ಕೋಶ ಅದಕ್ಕೆ ಫಾಸ್ಫೇಟ್ ಗುರುತು ಹಾಕುತ್ತದೆ, ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಅಂಟಿಕೊಂಡು ಸಂಕೇತವನ್ನು ಕಡಿಯುತ್ತದೆ, ಗ್ರಾಹಕವನ್ನು ಕೋಶದ ಒಳಕ್ಕೆ ಎಳೆದುಕೊಳ್ಳಲಾಗುತ್ತದೆ, ಬಹುಕಾಲ ಹೀಗೇ ನಡೆದರೆ ಗ್ರಾಹಕಗಳ ಸಂಖ್ಯೆಯೇ ಇಳಿಯುತ್ತದೆ. ಈ ಗ್ರಾಹಕದ ಕುಟುಂಬವನ್ನು ಬಿಡಿಸಿ ತೋರಿಸಿದ್ದಕ್ಕೆ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೋಬಿಲ್ಕ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಉಸಿರಿನಲ್ಲಿ ತೆಗೆದುಕೊಳ್ಳುವ ಸ್ಟಿರಾಯ್ಡ್ ಉರಿಯೂತವನ್ನು ಇಳಿಸುವುದಲ್ಲದೆ ಬೀಟಾ-2 ಗ್ರಾಹಕದ ಹೊಸ ತಯಾರಿಕೆಯನ್ನೂ ಹೆಚ್ಚಿಸುತ್ತದೆ, ಆದ್ದರಿಂದ ಎರಡೂ ಒಂದಕ್ಕೊಂದು ಪೂರಕ. ಆಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಗಿನಾ ಮಾರ್ಗಸೂಚಿ 2019ರಿಂದ ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬ್ಯುಟಮಾಲ್‌ನಂಥ ಅಲ್ಪಾವಧಿ ಔಷಧವೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ಶಿಫಾರಸು ಮಾಡುತ್ತಿಲ್ಲ. ಚಿಕ್ಕ ಮಕ್ಕಳಲ್ಲಿ ಆಯ್ಕೆ ವಯಸ್ಸಿನ ಮೇಲೆ ಬದಲಾಗುತ್ತದೆ, ಅದನ್ನು ನಿಮ್ಮ ವೈದ್ಯರೇ ಹೇಳಬೇಕು.

ಶರೀರಕ್ರಿಯಾಶಾಸ್ತ್ರ ಪ್ರಾಧ್ಯಾಪಕ, ನಿವೃತ್ತ

ಶಿಕ್ಷಕರ ಕೊನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ವೇಗಸ್ ನರವನ್ನು ಎಲ್ಲರೂ ಆಜ್ಞೆ ಹೊತ್ತು ಬರುವ ನರವೆಂದೇ ವರ್ಣಿಸುತ್ತಾರೆ. ಅದರ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಅಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು. ಶ್ವಾಸಕೋಶದಿಂದ ಹೊರಡುವ ಸುದ್ದಿಗಳಲ್ಲಿ ಮೂರು ಬಗೆ ಮುಖ್ಯವಾದವು.

ಶ್ವಾಸಕೋಶ ಎಷ್ಟು ಹಿಗ್ಗಿದೆ ಎಂದು ತಿಳಿಸುವವು ನಿಧಾನವಾಗಿ ಹೊಂದಿಕೊಳ್ಳುವ ಹಿಗ್ಗು ಗ್ರಾಹಕಗಳು. ಎವಾಲ್ಡ್ ಹೆರಿಂಗ್ ಮತ್ತು ಜೋಸೆಫ್ ಬ್ರಾಯರ್ 1868ರಲ್ಲಿ ತೋರಿಸಿದಂತೆ, ಶ್ವಾಸಕೋಶ ತುಂಬಿದಾಗ ಈ ಸುದ್ದಿ ಮೆದುಳನ್ನು ಮುಟ್ಟಿ ಉಸಿರೆಳೆತವನ್ನು ನಿಲ್ಲಿಸುತ್ತದೆ. ಹಸುಗೂಸುಗಳಲ್ಲಿ ಇದು ಬಲವಾಗಿದೆ, ದೊಡ್ಡವರಲ್ಲಿ ಆಳವಾದ ಉಸಿರಿನಲ್ಲಿ ಮಾತ್ರ ಗೊತ್ತಾಗುತ್ತದೆ. ಹಿಗ್ಗನ್ನು ವಿದ್ಯುತ್ ಸಂಕೇತವಾಗಿಸುವ ಅಣು ಯಾವುದೆಂಬ ಪ್ರಶ್ನೆಗೆ ಇಲಿಗಳಲ್ಲಿ ಉತ್ತರ ಸಿಕ್ಕಿದ್ದು 2017ರಲ್ಲಿ. ಪೀಜೊ-2 ಎಂಬ ಅಯಾನು ದ್ವಾರವನ್ನು ಸಂವೇದನಾ ನರಗಳಿಂದ ತೆಗೆದುಹಾಕಿದಾಗ ಹೆರಿಂಗ್-ಬ್ರಾಯರ್ ಪ್ರತಿವರ್ತನೆಯೇ ಇಲ್ಲವಾಯಿತು. ಪೀಜೊ ದ್ವಾರಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಅನ್ನು ಡೇವಿಡ್ ಜೂಲಿಯಸ್ ಅವರೊಂದಿಗೆ ಹಂಚಿಕೊಂಡರು.

ಎರಡನೆಯವು ಬೇಗ ಹೊಂದಿಕೊಳ್ಳುವ ಗ್ರಾಹಕಗಳು ಮತ್ತು ಅವುಗಳಿಗೆ ಹತ್ತಿರದ ಕೆಮ್ಮಿನ ಗ್ರಾಹಕಗಳು. ಧ್ವನಿಪೆಟ್ಟಿಗೆಯಲ್ಲಿ ಮತ್ತು ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಕೆಮ್ಮಿನ ಗ್ರಾಹಕಗಳು ದಟ್ಟವಾಗಿವೆ. ವೇಗಸ್‌ನ ಒಂದು ಸಣ್ಣ ಕವಲು ಕಿವಿಯ ರಂಧ್ರಕ್ಕೂ ಹೋಗುತ್ತದೆ. ಕಿವಿಗೆ ಹತ್ತಿಕಡ್ಡಿ ಹಾಕಿದ ಕೂಡಲೇ ಕೆಲವರಿಗೆ ಗಂಟಲು ಕೆರೆದು ಕೆಮ್ಮು ಬರುವುದನ್ನು ನೀವು ನೋಡಿರಬಹುದು. ಸುದ್ದಿ ಕಿವಿಯಿಂದ ಬಂದದ್ದು, ಮೆದುಳು ಅದನ್ನು ಶ್ವಾಸನಾಳದಿಂದ ಬಂದದ್ದೆಂದು ಓದಿಕೊಳ್ಳುತ್ತದೆ.

ಮೂರನೆಯವು ತೆಳುವಾದ, ಹೊದಿಕೆಯಿಲ್ಲದ ಸಿ-ಎಳೆಗಳು, ಸಂಖ್ಯೆಯಲ್ಲಿ ಇವೇ ಬಹುಪಾಲು. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬರುವುದು ಇವುಗಳ ಮೇಲಿನ ಟಿಆರ್‌ಪಿವಿ1 ಗ್ರಾಹಕದಿಂದ. ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿದ್ದು ಇದನ್ನೇ. ಹೊಗೆಯಲ್ಲಿರುವ ಅಕ್ರೋಲಿನ್‌ಗೆ ಟಿಆರ್‌ಪಿಎ1 ಎಂಬ ಇನ್ನೊಂದು ಗ್ರಾಹಕವಿದೆ. ಗಾಳಿಗೂಡುಗಳ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಪಕ್ಕದಲ್ಲೇ ಇರುವ ಸಿ-ಎಳೆಗಳ ತುದಿಗಳನ್ನು ಜೆ-ಗ್ರಾಹಕಗಳೆನ್ನುತ್ತಾರೆ. ಅವುಗಳ ಸಂಕೇತಗಳನ್ನು ಬೆಕ್ಕಿನ ವೇಗಸ್‌ನ ಒಂಟಿ ಎಳೆಗಳಿಂದ ದಾಖಲಿಸಿ 1955ರಲ್ಲಿ ಪ್ರಕಟಿಸಿದವರು ಎ. ಎಸ್. ಪೈಂಟಲ್, ಮುಂದೆ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯನ್ನು ದೀರ್ಘಕಾಲ ನಡೆಸಿದವರು. ಹೃದಯ ಸೋತು ಶ್ವಾಸಕೋಶದಲ್ಲಿ ರಕ್ತ ನಿಂತು ನೀರು ಒಸರತೊಡಗಿದಾಗ ಈ ತುದಿಗಳು ಎಚ್ಚೆತ್ತು ಉಸಿರನ್ನು ವೇಗವಾಗಿ, ಮೇಲುಮೇಲಕ್ಕೆ ನಡೆಸುತ್ತವೆ. ಕೈಕಾಲಿನ ಸ್ನಾಯುಗಳ ಬಲವನ್ನು ಪ್ರತಿವರ್ತನೆಯಿಂದ ತಗ್ಗಿಸುವುದೂ ಇವುಗಳ ಕೆಲಸವೆಂದು ಪೈಂಟಲ್ ತೋರಿಸಿದರು; ಶ್ರಮ ಹೆಚ್ಚಾಗಿ ಶ್ವಾಸಕೋಶದ ಮೇಲೆ ಭಾರ ಬಿದ್ದಾಗ ದೇಹವನ್ನು ನಿಲ್ಲಿಸುವ ಏರ್ಪಾಡು ಇದೆಂಬುದು ಅವರ ವಾದವಾಗಿತ್ತು. ಆ ವಾದದ ಧೈರ್ಯ ನನಗೆ ಇಂದಿಗೂ ಮೆಚ್ಚುಗೆಯಾಗುತ್ತದೆ.

ಸಂಶೋಧನಾ ವಿದ್ಯಾರ್ಥಿ

ಸರ್, ಹಾಗಾದರೆ ಶ್ವಾಸಕೋಶ ಕಸಿ ಮಾಡಿಸಿಕೊಂಡವರಲ್ಲಿ ವೇಗಸ್‌ನ ಈ ಎಳೆಗಳು ಕತ್ತರಿಸಿಹೋಗಿರುತ್ತವಲ್ಲ, ಅವರಿಗೆ ಏದುಸಿರಿನ ಅನುಭವವೇ ಆಗಬಾರದಲ್ಲವೇ?

ಶರೀರಕ್ರಿಯಾಶಾಸ್ತ್ರ ಪ್ರಾಧ್ಯಾಪಕ, ನಿವೃತ್ತ

ಆಗುತ್ತದೆ. ಏದುಸಿರು ಒಂದೇ ಮೂಲದಿಂದ ಹುಟ್ಟುವ ಅನುಭವವಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ತಿಳಿಯುವ ಗ್ರಾಹಕಗಳು ಮೆದುಳಿನ ಕಾಂಡದಲ್ಲೂ ಕತ್ತಿನ ಕೆರಾಟಿಡ್ ಕಾಯದಲ್ಲೂ ಇವೆ, ಎದೆಗೂಡಿನ ಸ್ನಾಯುಗಳ ಶ್ರಮವನ್ನು ತಿಳಿಸುವ ಬೇರೆ ನರಗಳಿವೆ. ಕಸಿಯಲ್ಲಿ ಇವು ಯಾವುವೂ ಕತ್ತರಿಸಿರುವುದಿಲ್ಲ. ಆದ್ದರಿಂದ ಅವರ ವಿಶ್ರಾಂತಿಯ ಉಸಿರಾಟ ಬಹುತೇಕ ಎಲ್ಲರಂತೆಯೇ ಇರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರೂ ಬರುತ್ತದೆ. ಅವರು ಕಳೆದುಕೊಳ್ಳುವುದು ಹೊಲಿಗೆಯ ಕೆಳಗಿನ ಭಾಗದ ಕೆಮ್ಮನ್ನು. ಧ್ವನಿಪೆಟ್ಟಿಗೆ ಕೆರೆದರೆ ಕೆಮ್ಮು ಬರುತ್ತದೆ, ಕಸಿಯಾದ ಶ್ವಾಸಕೋಶದಲ್ಲಿ ಕಫ ನಿಂತರೆ ತಾನಾಗಿ ಬರುವುದಿಲ್ಲ. ಹಾಗಾಗಿ ಅವರಿಗೆ ಬೇಕೆಂದೇ ಕೆಮ್ಮಿ ಕಫ ತೆಗೆಯುವುದನ್ನು ಕಲಿಸುತ್ತಾರೆ.

ಜೀವಶಾಸ್ತ್ರ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪಟ್ಟಿಯ ಶ್ವಾಸನಾಳದ ಸಾಲನ್ನು ಅಳಿಸಿ, ನರದ ತುದಿ, ಸ್ನಾಯು, ಗ್ರಂಥಿ ಮತ್ತು ರಕ್ತದಲ್ಲಿ ಬರುವ ಅಡ್ರಿನಲಿನ್ ಇರುವ ಒಂದು ಚಿತ್ರ ಬರೆಯಬೇಕೆಂದಿದ್ದೇನೆ. ಕೊನೆಯ ಪ್ರಶ್ನೆ: ಎಂ-3 ಮತ್ತು ಬೀಟಾ-2ರ ಮೇಲೆ ಇಷ್ಟೊಂದು ಔಷಧಗಳಿರುವಂತೆ, ಮೆದುಳಿಗೆ ಸುದ್ದಿ ಒಯ್ಯುವ ನರಗಳ ಮೇಲೆ ಕೆಲಸ ಮಾಡುವ ಔಷಧವೇನಾದರೂ ಇದೆಯೇ?

ಶ್ವಾಸರೋಗ ವೈದ್ಯ

ಬರತೊಡಗಿವೆ. ರಕ್ತದೊತ್ತಡದ ಎಸಿಇ ತಡೆಯುವ ಮಾತ್ರೆಗಳಿಂದ ಕೆಲವರಿಗೆ ಬರುವ ಒಣಕೆಮ್ಮು ಈ ಸಂವೇದನಾ ನರಗಳನ್ನು ಬ್ರಾಡಿಕೈನಿನ್ ಎಂಬ ದೇಹದ್ದೇ ಪೆಪ್ಟೈಡ್ ಕೆಣಕುವುದರಿಂದ ಬರುತ್ತದೆಂದು ತಿಳಿಯಲಾಗಿದೆ. ಮಾತ್ರೆಯನ್ನು ವೈದ್ಯರು ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಅಂಥ ಕಾರಣವೇ ಸಿಗದೆ ತಿಂಗಳುಗಟ್ಟಲೆ ಕೆಮ್ಮುವವರಿಗಾಗಿ ಪಿ2ಎಕ್ಸ್3 ಗ್ರಾಹಕದ ಮೇಲೆ ಕೆಲಸ ನಡೆದಿದೆ. ಗಾಯಗೊಂಡ ಅಥವಾ ಊದಿಕೊಂಡ ಕೋಶಗಳಿಂದ ಸೋರುವ ಎಟಿಪಿ ಎಂಬ ಅಣು ಈ ಗ್ರಾಹಕಕ್ಕೆ ತಾಗಿ ಕೆಮ್ಮಿನ ಸಂಕೇತ ಹುಟ್ಟಿಸುತ್ತದೆ. ಅದನ್ನು ತಡೆಯುವ ಗೆಫಾಪಿಕ್ಸೆಂಟ್‌ಗೆ ಜಪಾನ್ 2022ರಲ್ಲಿ, ಯುರೋಪಿಯನ್ ಒಕ್ಕೂಟ 2023ರಲ್ಲಿ ಒಪ್ಪಿಗೆ ಕೊಟ್ಟವು. ಅಮೆರಿಕದ ಎಫ್‌ಡಿಎ ಪರಿಣಾಮದ ಪುರಾವೆ ಸಾಲದೆಂದು ಒಪ್ಪಲಿಲ್ಲ. ಅದನ್ನು ಸೇವಿಸಿದ ಹೆಚ್ಚಿನವರಿಗೆ ನಾಲಿಗೆಯ ರುಚಿ ಕೆಡುತ್ತದೆ. ರುಚಿಯನ್ನು ಮೆದುಳಿಗೆ ಒಯ್ಯುವ ನರಗಳಲ್ಲಿ ಪಿ2ಎಕ್ಸ್3 ತನ್ನ ಸೋದರ ಪಿ2ಎಕ್ಸ್2ರ ಜೊತೆ ಬೆರೆತು ಇನ್ನೊಂದು ಗ್ರಾಹಕವಾಗಿ ಕೂತಿದೆ, ಔಷಧ ಅದನ್ನೂ ತಡೆಯುತ್ತದೆ. ಬೆರಕೆಯ ಗ್ರಾಹಕವನ್ನು ಆದಷ್ಟು ಬಿಟ್ಟು ಪಿ2ಎಕ್ಸ್3ನ್ನು ಮಾತ್ರ ಹಿಡಿಯುವ ಕ್ಯಾಮ್ಲಿಪಿಕ್ಸೆಂಟ್‌ನಂಥ ಅಣುಗಳನ್ನು ರೋಗಿಗಳ ಮೇಲೆ ಪರೀಕ್ಷೆಗೆ ಒಡ್ಡಿರುವುದು ಇದೇ ಕಾರಣಕ್ಕೆ.